ಪೂರ್ವಜನ್ಮದಲ್ಲೂ ನಮಗೆ ಅನ್ಯಾಯ

ಕರ್ನಾಟಕಕ್ಕೆ ಆಗಿರುವ ಅನ್ಯಾಯಗಳ ಪಟ್ಟಿ ನಮ್ಮಲ್ಲಿ ಎಲ್ಲರಿಗೂ ಬಾಯಿಪಾಠ. ಕೇಂದ್ರದ ತೆರಿಗೆ ಹಂಚಿಕೆಯಲ್ಲಿ 14ನೇ ಹಣಕಾಸು ಆಯೋಗ ಶೇ. 4.713 ಕೊಟ್ಟಿತ್ತು, 15ನೇ ಆಯೋಗ ಅದನ್ನು ಶೇ. 3.647ಕ್ಕೆ ತಂದು ನಿಲ್ಲಿಸಿತು. ನದಿ ನೀರಿನದು ಒಂದು ಕತೆ, ಬ್ಯಾಂಕಿನ ಕೌಂಟರಿನ ಹಿಂದೆ ಕೂತು ಹಿಂದಿಯಲ್ಲಿ ಗದರುವವರದು ಇನ್ನೊಂದು. ಇಷ್ಟೆಲ್ಲ ಪಟ್ಟಿ ಮಾಡಿದ ಮಹನೀಯರು ದೊಡ್ಡದೊಂದು ಬಾಬತ್ತನ್ನೇ ಬಿಟ್ಟುಬಿಟ್ಟಿದ್ದಾರೆ. ಹಿಂದಿನ ಜನ್ಮ ನೆನಪಿಟ್ಟುಕೊಂಡು ಹುಟ್ಟುವ ಮಕ್ಕಳ ಹಂಚಿಕೆಯಲ್ಲೂ ದಕ್ಷಿಣಕ್ಕೆ ಪಂಗನಾಮ ಬಿದ್ದಿದೆ.

ಪುರಾವೆ ಬೆಂಗಳೂರಿನಲ್ಲೇ ಇದೆ. ನಿಮ್ಹಾನ್ಸ್‌ನ ಮನಶ್ಶಾಸ್ತ್ರಜ್ಞೆಯಾಗಿದ್ದ ಸತ್ವಂತ್ ಪಸ್ರೀಚಾ ಇಂಥ ಮಕ್ಕಳ ಜಾಡು ಹಿಡಿದು ವರ್ಷಗಟ್ಟಲೆ ಊರೂರು ಅಲೆದವರು. 1970ರ ದಶಕದಲ್ಲಿ ಅವರೂ ಡೇವಿಡ್ ಬಾರ್ಕರ್ ಎಂಬ ಸಂಶೋಧಕರೂ ಆಗ್ರಾ ಜಿಲ್ಲೆಯ ಫತೇಹಾಬಾದಿನಲ್ಲಿ ಸಮೀಕ್ಷೆ ಮಾಡಿದರು. ಹೆಚ್ಚುಕಡಿಮೆ 500 ಜನರಿಗೆ ಒಬ್ಬರಂತೆ ಪೂರ್ವಜನ್ಮದವರು ಸಿಕ್ಕರು. ಅದೇ ಪಸ್ರೀಚಾ 2001ರಲ್ಲಿ ದಕ್ಷಿಣ ಭಾರತದ ಬಗ್ಗೆ ಪ್ರಬಂಧ ಬರೆದಾಗ, ಇಲ್ಲಿಂದ ವರದಿಗಳು ಇಷ್ಟು ಕಡಿಮೆ ಏಕೆ ಎಂದು ತಲೆಬರಹದಲ್ಲೇ ಕೇಳಬೇಕಾಯಿತು. ಫತೇಹಾಬಾದಿನ ದರವನ್ನೇ ಹಿಡಿದರೆ, 2011ರ ಜನಗಣತಿಯಲ್ಲಿ 6.11 ಕೋಟಿ ತಲೆಗಳಿದ್ದ ನಮ್ಮ ರಾಜ್ಯಕ್ಕೆ ಏನಿಲ್ಲವೆಂದರೂ 1 ಲಕ್ಷ 22 ಸಾವಿರ ಪೂರ್ವಜನ್ಮಗಳು ಮಂಜೂರಾಗಬೇಕಿತ್ತು. ಆ ಬಾಕಿ ಎಲ್ಲಿ ಹೋಯಿತು? ಬೆಳಗಾವಿಯ ಅಧಿವೇಶನದಲ್ಲಿ ಇದರ ಬಗ್ಗೆ ಚುಕ್ಕೆ ಗುರುತಿನ ಒಂದು ಪ್ರಶ್ನೆಯೂ ಬಂದಿಲ್ಲ.

ನಂಬಿಕೆಗೆ ನಮ್ಮಲ್ಲಿ ಬರ ಇದೆಯೇ ಎಂದರೆ ಅದೂ ಇಲ್ಲ. ಗಂಡ ಕುಡಿದು ಬಂದರೆ ಯಾವ ಜನ್ಮದ ಪಾಪವೋ, ಸೊಸೆ ಹೊಂದಿಕೊಂಡು ಹೋದರೆ ಯಾವ ಜನ್ಮದ ಪುಣ್ಯವೋ. ಕೈಗಡ ತೆಗೆದುಕೊಂಡವನು ಫೋನ್ ಎತ್ತದಿದ್ದರೆ, ‘ಹೋದ ಜನ್ಮದಲ್ಲಿ ಅವನ ಋಣ ಇಟ್ಕೊಂಡಿದ್ದೆ ಅಂತ ಕಾಣುತ್ತೆ, ಹೋಗ್ಲಿ ಬಿಡಿ’ ಎಂದು ಸಮಾಧಾನ ಮಾಡಿಕೊಳ್ಳುವ ಜನ ನಾವು. ಶಂಕರ್‌ನಾಗ್ 1980ರಲ್ಲೇ ‘ಜನ್ಮ ಜನ್ಮದ ಅನುಬಂಧ’ ಎಂಬ ಸಿನಿಮಾ ಮಾಡಿಕೊಟ್ಟರು. ಇಷ್ಟೆಲ್ಲ ಮೂಲಸೌಕರ್ಯ ಇದ್ದೂ ನಮ್ಮ ಮಕ್ಕಳು ಬಾಯಿ ಬಿಡುತ್ತಿಲ್ಲವೆಂದರೆ ತಪ್ಪು ಎಲ್ಲೋ ಆಗಿದೆ. ಅದನ್ನು ಪತ್ತೆ ಮಾಡಲು, ಈ ಕ್ಷೇತ್ರದಲ್ಲಿ ಮುಂದುವರಿದಿರುವ ಉತ್ತರ ಭಾರತದ ಮಾದರಿಯನ್ನು ಒಮ್ಮೆ ಅಧ್ಯಯನ ಪ್ರವಾಸದ ಕಣ್ಣಿನಲ್ಲಿ ನೋಡಿಬರೋಣ.

ಅಲ್ಲಿನ ಅತಿ ದೊಡ್ಡ ಸಾಧನೆ ಶಾಂತಿದೇವಿಯದು. 1926ರಲ್ಲಿ ದಿಲ್ಲಿಯಲ್ಲಿ ಹುಟ್ಟಿದ ಈಕೆ ಮಾತು ಬಲಿಯುತ್ತಿದ್ದಂತೆ ತನ್ನ ಮನೆ ಮಥುರಾದಲ್ಲಿದೆ, ಗಂಡ ಬಟ್ಟೆ ವ್ಯಾಪಾರಿ, ಹೆರಿಗೆಯಾದ ಮೇಲೆ ತಾನು ಸತ್ತೆ ಎಂದು ಹೇಳತೊಡಗಿದಳಂತೆ. ಶಾಲೆಯವರು ಮಥುರಾಕ್ಕೆ ಕಾಗದ ಬರೆದರು. ಕೇದಾರನಾಥ ಚೌಬೆ ಎಂಬ ಬಟ್ಟೆ ವ್ಯಾಪಾರಿ ಅಲ್ಲಿ ನಿಜಕ್ಕೂ ಇದ್ದ. ಅವನ ಹೆಂಡತಿ ಲುಗ್ದಿ 1925ರಲ್ಲಿ ಬಾಣಂತಿಯಾಗಿದ್ದಾಗಲೇ ತೀರಿಕೊಂಡಿದ್ದಳು. ಸುದ್ದಿ ಗಾಂಧೀಜಿಯವರೆಗೆ ಹೋಯಿತು. 15 ಗಣ್ಯರ ಸಮಿತಿ ರಚನೆಯಾಗಿ, 1935ರ ನವೆಂಬರಿನಲ್ಲಿ ಹುಡುಗಿಯನ್ನು ರೈಲು ಹತ್ತಿಸಿ ಮಥುರಾಕ್ಕೆ ಕರೆದೊಯ್ದಿತು. ಮರುವರ್ಷ ವರದಿಯೂ ಹೊರಬಂತು. ಸ್ವಾತಂತ್ರ್ಯ ಬರಲು ದೇಶ ಇನ್ನೂ ಹನ್ನೆರಡು ವರ್ಷ ಕಾಯಬೇಕಿತ್ತು, ಸಮಿತಿ ರಚಿಸುವ ವಿದ್ಯೆ ಮಾತ್ರ ಆಗಲೇ ಕೈವಶವಾಗಿತ್ತು.

ಒಂಬತ್ತು ತುಂಬದ ಆ ಹುಡುಗಿ ‘ಗಂಡ’ನನ್ನು ಗುರುತಿಸಿ ಕೇಳಿದ ಪ್ರಶ್ನೆ, ಮತ್ತೆ ಮದುವೆಯಾಗುವುದಿಲ್ಲ ಎಂದು ಮಾತು ಕೊಟ್ಟವನು ಯಾಕೆ ಮದುವೆಯಾದೆ ಎಂದಂತೆ. ಮಥುರಾದ ಮನೆಯಲ್ಲಿ ತಾನು ದುಡ್ಡು ಹೂತಿಟ್ಟ ಜಾಗ ಇದು ಎಂದು ಒಂದು ಮೂಲೆ ತೋರಿಸಿದಳಂತೆ. ಅಗೆದರೆ ಖಾಲಿ. ಹೆಂಡತಿ ಸತ್ತ ಮೇಲೆ ತೆಗೆದುಕೊಂಡದ್ದು ತಾನೇ ಎಂದು ಕೇದಾರನಾಥ ಆಮೇಲೆ ಒಪ್ಪಿಕೊಂಡನಂತೆ. ಇಡೀ ಪ್ರಕರಣದಲ್ಲಿ ಎಷ್ಟು ನಿಜ, ಎಷ್ಟು ಸುಳ್ಳು ಎಂಬ ಜಗಳ ಅಂದಿನಿಂದಲೂ ಇದೆ. ನನ್ನ ಮಟ್ಟಿಗೆ ಸಂಶಯಕ್ಕೆ ಎಡೆಯೇ ಇಲ್ಲದ ಭಾಗ ಇವೆರಡು: ಗಂಡ ಮಾತು ತಪ್ಪಿದ್ದು, ಹೆಂಡತಿ ಕೂಡಿಟ್ಟ ದುಡ್ಡು ಎತ್ತಿಕೊಂಡದ್ದು. ಇವನ್ನು ಹೇಳಲು ಪೂರ್ವಜನ್ಮದ ನೆನಪೇ ಬೇಕಾಗಿಲ್ಲ. ಮಧ್ಯಾಹ್ನದ ಹೊತ್ತು ಅಕ್ಕಿ ಆರಿಸುತ್ತಾ ಕೂತ ಹೆಂಗಸರ ಮಾತು ಕಿವಿಗೆ ಬಿದ್ದಿದ್ದರೂ ಸಾಕು.

ಆ ಹುಡುಗಿ ಮುಂದೆ ಮದುವೆಯಾಗಲೇ ಇಲ್ಲ. 1987ರಲ್ಲಿ ತೀರಿಕೊಳ್ಳುವವರೆಗೂ ಬಂದ ಸಂಶೋಧಕರಿಗೆಲ್ಲ ಅದೇ ಮಥುರಾದ ಕತೆ ಹೇಳುತ್ತಾ ಹೋದಳು. ಆಕೆಯ ಹಿಂದಿನ ಜನ್ಮದ ಬಗ್ಗೆ ವರದಿ ಕೊಡಲು 15 ಗಣ್ಯರಿದ್ದರು. ಈ ಜನ್ಮದ ಬಗ್ಗೆ ವರದಿ ಕೇಳಿದವರಿಲ್ಲ.

ಇಂಥ ಕತೆಗಳನ್ನು ದೇಶದೇಶ ಸುತ್ತಿ ಕಡತಕ್ಕೆ ಸೇರಿಸಿದವರು ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯದ ಮನೋವೈದ್ಯ ಇಯಾನ್ ಸ್ಟೀವನ್ಸನ್. 1961ರಲ್ಲಿ ಮೊದಲ ಸಲ ಭಾರತಕ್ಕೆ ಬಂದಾಗ ನಾಲ್ಕೈದು ಮಕ್ಕಳು ಸಿಕ್ಕರೆ ಹೆಚ್ಚು ಎಂದುಕೊಂಡಿದ್ದರಂತೆ. ನಾಲ್ಕು ವಾರದಲ್ಲಿ 25 ಪ್ರಕರಣ ಸಿಕ್ಕವು. ದೂರದಿಂದ ಬಂದ ದೊಡ್ಡ ಮನುಷ್ಯರಿಗೆ ಏನು ಬೇಕೆಂದು ತಿಳಿದ ಮೇಲೆ ಅವರನ್ನು ಬರಿಗೈಯಲ್ಲಿ ಕಳಿಸುವ ಜಾಯಮಾನ ನಮ್ಮದಲ್ಲ. 1966ರಲ್ಲಿ ಇಪ್ಪತ್ತು ಪ್ರಕರಣಗಳ ಪುಸ್ತಕ ಬಂತು. 1997ರಲ್ಲಿ, ಹಿಂದಿನ ಜನ್ಮದ ಗಾಯವೇ ಈ ಜನ್ಮದ ಮಚ್ಚೆ ಎಂಬ ವಾದಕ್ಕಾಗಿ ಎರಡು ಸಾವಿರ ಪುಟ ಮೀರಿದ ಎರಡು ಸಂಪುಟ ಬಂದವು. ಅವರು ಕಣ್ಣು ಮುಚ್ಚುವ ಹೊತ್ತಿಗೆ ಕಪಾಟಿನಲ್ಲಿ ಸುಮಾರು 2,500 ಮಕ್ಕಳ ಕಡತಗಳಿದ್ದವು.

ಈ ಕೆಲಸಕ್ಕೆ ದುಡ್ಡು ಹಾಕಿದವರು ಯಾರು ಗೊತ್ತೇ? ಜೆರಾಕ್ಸ್ ವಿದ್ಯೆಯ ಜನಕ ಚೆಸ್ಟರ್ ಕಾರ್ಲ್‌ಸನ್. 1968ರಲ್ಲಿ ತೀರಿಕೊಂಡಾಗ ಅವರು ಸ್ಟೀವನ್ಸನ್ ಸಂಶೋಧನೆಗೆಂದು ಹತ್ತು ಲಕ್ಷ ಡಾಲರ್ ಬಿಟ್ಟುಹೋಗಿದ್ದರು. ಕಾಗದದಿಂದ ಕಾಗದಕ್ಕೆ ಪ್ರತಿ ಇಳಿಸುವ ಉಪಾಯ ಕಂಡುಹಿಡಿದವರಿಗೆ ಆತ್ಮದ ಜೆರಾಕ್ಸ್ ಬಗ್ಗೆ ಕುತೂಹಲ ಹುಟ್ಟಿದ್ದು ಸಹಜವೇ. ನಮ್ಮ ಕಚೇರಿಗಳಲ್ಲಾಗಿದ್ದರೆ ಮೂರು ಜೆರಾಕ್ಸ್, ಅದಕ್ಕೆ ಗೆಜೆಟೆಡ್ ಅಧಿಕಾರಿಯ ಸಹಿ, ಪರಿಶೀಲನೆಗೆ ಒರಿಜಿನಲ್ ತನ್ನಿ ಎನ್ನುತ್ತಿದ್ದರು. ಪುನರ್ಜನ್ಮದ ಅರ್ಜಿ ಬಿದ್ದುಹೋಗುವುದೂ ಅಲ್ಲೇ. ಒರಿಜಿನಲ್ಲನ್ನು ಸುಟ್ಟು ಬೂದಿಯನ್ನು ಶ್ರೀರಂಗಪಟ್ಟಣದಲ್ಲಿ ಬಿಟ್ಟಾಗಿರುತ್ತದೆ.

ಸ್ಟೀವನ್ಸನ್ ಎಚ್ಚರದ ಮನುಷ್ಯ ಎಂಬುದನ್ನು ಹೇಳಲೇಬೇಕು. ಪುನರ್ಜನ್ಮ ಸಾಬೀತಾಯಿತು ಎಂದು ಅವರು ಎಲ್ಲೂ ಡಂಗುರ ಹೊಡೆಯಲಿಲ್ಲ. ಪ್ರಕರಣಗಳು ಹಾಗೆ ಸೂಚಿಸುತ್ತವೆ ಎನ್ನುವಲ್ಲಿಗೆ ನಿಲ್ಲುತ್ತಿದ್ದರು. ತಮ್ಮ ಸರದಿಗೂ ತಯಾರಿ ಮಾಡಿಕೊಂಡಿದ್ದರು. ತಮಗೊಬ್ಬರಿಗೇ ಗೊತ್ತಿರುವ ಗುಪ್ತ ಸಂಖ್ಯೆಗೆ ಒಂದು ಬೀಗ ಹೊಂದಿಸಿ ಕಚೇರಿಯಲ್ಲಿಟ್ಟು, ಸತ್ತ ಮೇಲೂ ತಾನು ಉಳಿದಿದ್ದರೆ ಆ ಗುಟ್ಟನ್ನು ಯಾರಿಗಾದರೂ ದಾಟಿಸುತ್ತೇನೆ ಎಂದಿದ್ದರು. 2007ರಲ್ಲಿ ಹೋದರು. ಬೀಗ ತೆರೆದ ಸುದ್ದಿ ಈವರೆಗೆ ಬಂದಿಲ್ಲ. ನಾವಾದರೆ ಪಾಸ್‌ವರ್ಡ್ ಮರೆತರೆ ಒಟಿಪಿ ತರಿಸಿಕೊಳ್ಳುತ್ತೇವೆ. ಆ ಕಡೆ ನೆಟ್‌ವರ್ಕ್ ಇದ್ದಂತಿಲ್ಲ.

ಆತ್ಮಕ್ಕೆ ದೇಶ, ಕುಲ, ಲಿಂಗ ಯಾವುದರ ಹಂಗೂ ಇಲ್ಲ ಎಂದು ಪ್ರವಚನಗಳಲ್ಲಿ ಕೇಳುತ್ತಲೇ ಬಂದಿದ್ದೇವೆ. ಕಡತ ಬಿಡಿಸಿದರೆ, ಸ್ಥಳೀಯ ಕಾನೂನನ್ನು ಆತ್ಮದಷ್ಟು ಶ್ರದ್ಧೆಯಿಂದ ಪಾಲಿಸುವ ಪ್ರಜೆ ಇನ್ನೊಬ್ಬರಿಲ್ಲ. ಲೆಬನಾನಿನ ಡ್ರೂಜ್ ಜನ ಸತ್ತ ಗಳಿಗೆಯಲ್ಲೇ ಇನ್ನೊಂದು ಮೈ ಸೇರುತ್ತೇವೆ ಎಂದು ನಂಬುತ್ತಾರೆ, ಗಂಡು ಹೆಣ್ಣಾಗಿ ಹುಟ್ಟುವುದನ್ನು ಒಪ್ಪುವುದಿಲ್ಲ. ಅಲ್ಲಿನ ಮಕ್ಕಳಲ್ಲಿ ಹಾಗೆ ಲಿಂಗ ಬದಲಾಯಿಸಿ ಬಂದವರು ಸ್ಟೀವನ್ಸನ್‌ಗೆ ಸಿಗಲೇ ಇಲ್ಲ. ಬರ್ಮಾದಲ್ಲಿ ಅದಕ್ಕೆ ಅಡ್ಡಿಯಿಲ್ಲ, ಆದ್ದರಿಂದ ಅಲ್ಲಿ ಬೇಕಾದಷ್ಟು ಸಿಕ್ಕರು. ಅಲಾಸ್ಕಾದ ಟ್ಲಿಂಗಿಟ್ ಜನರದು ಅಳಿಯಕಟ್ಟಿನಂತೆ ತಾಯಿಯ ಕಡೆಯಿಂದ ಸಾಗುವ ವಂಶ. ಅವರ ಹಿರಿಯರು ಮರಳಿ ಹುಟ್ಟುವುದೂ ತಾಯಿಯ ಕಡೆಯಲ್ಲೇ. ಎರಡನೇ ಮಹಾಯುದ್ಧದಲ್ಲಿ ಬರ್ಮಾದ ನೆಲದಲ್ಲಿ ಸತ್ತ ಜಪಾನಿ ಸೈನಿಕರು ಅಲ್ಲೇ ಮಕ್ಕಳಾಗಿ ಹುಟ್ಟಿ, ಸೆಖೆ ತಡೆಯಲಾಗದು, ಹಸಿ ಮೀನು ಬೇಕು ಎಂದು ಹಟ ಹಿಡಿದರಂತೆ. ಅಮೆರಿಕದ ಹೆಸರಾಂತ ಪ್ರಕರಣಗಳಲ್ಲಿ ಹಿಂದಿನ ಜನ್ಮದವರು ಯುದ್ಧವಿಮಾನದ ಪೈಲಟ್ ಅಥವಾ ಹಾಲಿವುಡ್ಡಿನವರು. ಮದರಾಸು ಕ್ರಿಶ್ಚಿಯನ್ ಕಾಲೇಜಿನಲ್ಲಿ ತತ್ವಶಾಸ್ತ್ರ ಹೇಳಿಕೊಡುತ್ತಿದ್ದ ಸಿ.ಟಿ.ಕೆ. ಚಾರಿ, ಇವೆಲ್ಲ ಆಯಾ ಸಮಾಜದ ನಂಬಿಕೆಯೇ ಹೆಣೆದ ಕತೆಗಳು ಎಂದು ಆಗಲೇ ತಕರಾರು ತೆಗೆದಿದ್ದರು. ದಕ್ಷಿಣದವರ ತಕರಾರಿಗೆ ದಿಲ್ಲಿಯಲ್ಲಿ ಸಿಗುವ ಮರ್ಯಾದೆಯೇ ವರ್ಜೀನಿಯಾದಲ್ಲೂ ಸಿಕ್ಕಿತು.

ನಂಬಿಕೆ ಕತೆಯಾಗುವುದು ಹೇಗೆ? ಅದಕ್ಕೆ ಹಿಮಾಲಯಕ್ಕೆ ಹೋಗಬೇಕಾಗಿಲ್ಲ, ನಮ್ಮ ಯಾವುದೇ ಮನೆಯ ಊಟದ ಕೋಣೆ ಸಾಕು. ಮೂರು ವರ್ಷದ ಮಗು ಅನ್ನ ಕಲಸುತ್ತಾ, “ನಮ್ಮನೇಲಿ ದೊಡ್ಡ ಕಾರಿತ್ತು” ಎಂದಿತು ಎಂದುಕೊಳ್ಳಿ.

“ಯಾವ ಮನೇಲಿ ಪುಟ್ಟಾ?” ಅಜ್ಜಿಯ ಪ್ರಶ್ನೆ.

“ಆ ಮನೇಲಿ.”

“ಕೇಳಿಸ್ಕೊಂಡ್ಯೇನೋ? ಈ ಮನೆ ಅಲ್ವಂತೆ, ಆ ಮನೆ ಅಂತೆ!” ಅಜ್ಜಿ ಮಗನ ಕಡೆ ತಿರುಗುತ್ತಾರೆ.

“ಯಾವೂರು ಕಂದಾ ಅದು? ಹಾಸನಾನಾ?” ಅಪ್ಪನ ಸರದಿ.

ತುತ್ತು ನುಂಗುವಾಗ ಯಾವ ಮಗುವಿನ ತಲೆಯಾದರೂ ಅಲ್ಲಾಡುತ್ತದೆ.

“ಹಾಸನ ಅಂತಮ್ಮ!”

“ಹೆಂಗೆ ಸತ್ತೆ ಮಗಾ? ಆಕ್ಸಿಡೆಂಟಾ? ಯಾರಾದ್ರೂ ಹೊಡೆದ್ರಾ?”

ಬೆಳಿಗ್ಗೆ ಹಾಲು ಚೆಲ್ಲಿದ್ದಕ್ಕೆ ಬಿದ್ದ ಏಟು ಮಗುವಿಗೆ ನೆನಪಾಗುತ್ತದೆ. “ಹೊಡೆದ್ರು.”

“ಅಯ್ಯೋ ಶಿವನೇ, ಕೊಲೆ ಕಣೋ ಇದು!”

ಸಂಜೆಯ ಹೊತ್ತಿಗೆ ಬೀದಿಗೆಲ್ಲ ಸುದ್ದಿ. ಭಾನುವಾರ ಒಂದು ಕಾರು ಬಾಡಿಗೆಗೆ ಹಿಡಿದು ಹಾಸನಕ್ಕೆ ಸವಾರಿ. ಕಾರು ಇಟ್ಟುಕೊಂಡಿದ್ದು ಅಕಾಲದಲ್ಲಿ ಸತ್ತವರು ಇಡೀ ಹಾಸನದಲ್ಲಿ ಒಬ್ಬರಾದರೂ ಸಿಗದೆ ಇರುತ್ತಾರೆಯೇ? ಸಿಕ್ಕ ಮನೆಯಲ್ಲಿ ಕಣ್ಣೀರು, ಕಾಫಿ, ಹಳೆಯ ಆಲ್ಬಮ್ಮು. “ಇವರು ನಿನ್ನ ಹೆಂಡ್ತಿ ಅಲ್ವಾ ಪುಟ್ಟಾ?” ಎಂದರೆ, ಕೈಯಲ್ಲಿ ಬಿಸ್ಕತ್ತಿರುವ ಮಗು ಯಾರನ್ನು ಬೇಕಾದರೂ ಹೆಂಡತಿ ಎಂದು ಒಪ್ಪುತ್ತದೆ. ಅದು ಬಿಟ್ಟು ಬೇರೆ ಏನಾದರೂ ಹೇಳಿದರೆ ಅದನ್ನು ಯಾರೂ ಬರೆದುಕೊಳ್ಳುವುದಿಲ್ಲ. ಇಷ್ಟೆಲ್ಲ ಮುಗಿದ ಮೇಲೆ ಸಂಶೋಧಕರು ಬರುತ್ತಾರೆ, ದುಭಾಷಿಯ ಜೊತೆಗೆ. ಸ್ಟೀವನ್ಸನ್ ಬಳಿ 1970ರ ದಶಕದಲ್ಲಿ ಸಹಾಯಕರಾಗಿದ್ದ ಚಾಂಪ್ ರ‍್ಯಾನ್ಸಮ್ ಬರೆದಿಟ್ಟ ಲೆಕ್ಕವೊಂದಿದೆ. ಅವರು ನೋಡಿದ 1,111 ಪ್ರಕರಣಗಳಲ್ಲಿ ಸಂದರ್ಶನಕ್ಕೆ ಮೊದಲು ಎರಡೂ ಮನೆಯವರ ನಡುವೆ ಸಂಪರ್ಕವೇ ಆಗಿರಲಿಲ್ಲ ಎನ್ನಬಹುದಾದವು 11. ಉಳಿದ 1,100ರಲ್ಲಿ ಪರೀಕ್ಷಕರು ಬರುವ ಮೊದಲೇ ಪ್ರಶ್ನೆಪತ್ರಿಕೆ ಬಯಲಾಗಿತ್ತು. ಪಿಯುಸಿ ಪರೀಕ್ಷೆಯಾಗಿದ್ದರೆ ಮರುಪರೀಕ್ಷೆ ಮಾಡಿ ಎಂದು ಹುಡುಗರು ಬೀದಿಗಿಳಿಯುತ್ತಿದ್ದರು.

ಮಕ್ಕಳು ಸುಳ್ಳು ಹೇಳುತ್ತಾರೆ ಎಂದು ಇದರ ಅರ್ಥವಲ್ಲ. ಕಾರ್ನೆಲ್ ವಿಶ್ವವಿದ್ಯಾಲಯದ ಸ್ಟೀಫನ್ ಸೆಸಿ ಮತ್ತು ಜೊತೆಗಾರರು 1990ರ ದಶಕದ ಆರಂಭದಲ್ಲಿ ಶಾಲೆಗೆ ಸೇರುವ ಮುಂಚಿನ ವಯಸ್ಸಿನ ಮಕ್ಕಳನ್ನು ಕೂರಿಸಿಕೊಂಡು, ಎಂದೂ ನಡೆಯದ ಸಂಗತಿಯೊಂದನ್ನು ವಾರ ವಾರವೂ ಕೇಳುತ್ತಾ ಹೋದರು. ನಿನ್ನ ಬೆರಳು ಇಲಿಬೋನಿಗೆ ಸಿಕ್ಕಿತ್ತಲ್ಲ, ಆಸ್ಪತ್ರೆಗೆ ಹೋಗಿದ್ದೆಯಲ್ಲ, ನೆನಪಿದೆಯಾ? ಕೊನೆಗೆ ಅರ್ಧಕ್ಕಿಂತ ಹೆಚ್ಚು ಮಕ್ಕಳು ಇಂಥ ಕಟ್ಟುಕತೆಗಳಲ್ಲಿ ಒಂದನ್ನಾದರೂ ನಿಜವೆಂದೇ ನಂಬಿ, ಕೈಕಾಲು ಸೇರಿಸಿ ವಿವರವಾಗಿ ಹೇಳಿದರು. ಅವರಿಗೆ ಸುಳ್ಳು ಹೇಳುವ ಉದ್ದೇಶವೇ ಇರಲಿಲ್ಲ. ದೊಡ್ಡವರು ಇಷ್ಟು ಆಸೆಯಿಂದ ಕೇಳುತ್ತಿರುವಾಗ ಇಲ್ಲ ಎನ್ನುವುದು ಹೇಗೆ ಎಂಬ ಸೌಜನ್ಯ, ಅಷ್ಟೇ.

ಕರ್ನಾಟಕದ ಹಿನ್ನಡೆಗೆ ಕಾರಣ ಈಗ ಹೊಳೆಯುತ್ತದೆ. ಪೂರ್ವಜನ್ಮ ಬಾಯಿಗೆ ಬರುವುದು ಎರಡರಿಂದ ನಾಲ್ಕು ವರ್ಷದೊಳಗೆ, ಏಳೆಂಟು ತುಂಬುವಷ್ಟರಲ್ಲಿ ಮರೆತುಹೋಗುತ್ತದೆ ಎಂದು ಕಡತಗಳೇ ಹೇಳುತ್ತವೆ. ನಮ್ಮ ನಗರಗಳಲ್ಲಿ ಅದೇ ವಯಸ್ಸಿಗೆ ಪ್ರೀ-ಕೆಜಿ ಸೀಟಿನ ಇಂಟರ್‌ವ್ಯೂ. ಹಿಂದಿನ ಜನ್ಮದ ಹೆಂಡತಿ ಮಕ್ಕಳ ಹೆಸರು ನಾಲಿಗೆಯ ತುದಿಗೆ ಬಂದಿರುವಾಗ ಮಗುವಿಗೆ ಹಣ್ಣುಗಳ ಹೆಸರು, ಬಣ್ಣಗಳ ಹೆಸರು ಉರು ಹೊಡೆಸುತ್ತಾರೆ. ಅಪ್ಪಿತಪ್ಪಿ, “ನಾನು ಮುಂಚೆ ಅರಸೀಕೆರೆಯಲ್ಲಿ ತೆಂಗಿನಕಾಯಿ ವ್ಯಾಪಾರ ಮಾಡ್ತಿದ್ದೆ” ಎಂದು ಅದು ಬಾಯಿಬಿಟ್ಟರೆ, “ಅಂಕಲ್‌ಗೆ ಅದನ್ನೇ ಇಂಗ್ಲಿಷಲ್ಲಿ ಹೇಳು ಪುಟ್ಟಾ” ಎನ್ನುತ್ತಾರೆ. ಕನ್ನಡ ಮಾಧ್ಯಮದಲ್ಲಿ ಕಳೆದ ಜನ್ಮವನ್ನು ಕೇಳಿಸಿಕೊಳ್ಳುವ ತಾಳ್ಮೆ ಇಲ್ಲಿ ಯಾರಿಗೂ ಇಲ್ಲ.

ಕತೆಗಳ ಒಳಗೆ ಇಣುಕಿದರೆ ಇನ್ನೊಂದು ಸೊಗಸು ಕಾಣುತ್ತದೆ. ಬ್ರಿಟಿಷ್ ಲೇಖಕ ಇಯಾನ್ ವಿಲ್ಸನ್ ಸ್ಟೀವನ್ಸನ್ ಕಡತಗಳನ್ನು ಜಾಲಾಡಿ, ಬಡವರ ಮಕ್ಕಳು ಸಿರಿವಂತರ, ಮೇಲುಜಾತಿಯವರ ಜನ್ಮವನ್ನು ನೆನಪಿಸಿಕೊಳ್ಳುವ ಪ್ರಕರಣಗಳೇ ಬಹಳ ಎಂದು ತೋರಿಸಿದರು. ಬಡವರನ್ನು ನಾನು ದೂರುವುದಿಲ್ಲ. ಈ ಜನ್ಮದಲ್ಲಿ ಯಾವ ದಾರಿಯಿಂದಲೂ ಒಳಗೆ ಬಿಡದ ಮನೆಗೆ ಹೋದ ಜನ್ಮದ ಹಿತ್ತಿಲ ಬಾಗಿಲಿನಿಂದ ಹೋಗಲು ನೋಡಿದರೆ ಅದರಲ್ಲಿ ಜಾಣತನವಿದೆ. ಆದರೆ ಸ್ಮರಣೆಯ ಆಯ್ಕೆಯನ್ನು ಗಮನಿಸಿ. ತಾನು ಕೊಟ್ಟ ಸಾಲ ವಸೂಲಿಗೆ ಬಂದ ಮಗು ಪತ್ರಿಕೆಯಲ್ಲಿ ಬರುತ್ತದೆ. ಹೋದ ಜನ್ಮದಲ್ಲಿ ಮಾಡಿದ ಸಾಲ ತೀರಿಸಲು ಚೆಕ್ಕು ಹಿಡಿದು ಬಂದ ಮಗುವನ್ನು ನಾನು ಎಲ್ಲೂ ಓದಿಲ್ಲ. ಜೀತಕ್ಕೆ ಇಟ್ಟುಕೊಂಡಿದ್ದೆ, ಒತ್ತುವರಿ ಮಾಡಿದ್ದೆ, ವರದಕ್ಷಿಣೆಗಾಗಿ ಸೊಸೆಗೆ ಸೀಮೆಎಣ್ಣೆ ಸುರಿದಿದ್ದೆ ಎಂದು ತಪ್ಪೊಪ್ಪಿಕೊಂಡು ಠಾಣೆಗೆ ಹೊರಟ ಪೂರ್ವಜನ್ಮವೂ ಕಂಡಿಲ್ಲ.

ಈ ವಿಷಯದಲ್ಲಿ ನಮ್ಮ ಜನ್ನ ಎಂಟುನೂರು ವರ್ಷ ಮುಂದಿದ್ದ. 1209ರ ಅವನ ‘ಯಶೋಧರ ಚರಿತೆ’ಯಲ್ಲೂ ಹಿಂದಿನ ಜನ್ಮ ನೆನಪಿರುವ ಇಬ್ಬರು ಎಳೆಯರಿದ್ದಾರೆ, ಅಭಯರುಚಿ ಮತ್ತು ಅಭಯಮತಿ. ಚಂಡಮಾರಿಗೆ ಬಲಿ ಕೊಡಲು ಮಾರಿದತ್ತ ರಾಜನ ಮುಂದೆ ತಂದು ನಿಲ್ಲಿಸಿದಾಗ ಹುಡುಗ ಬಾಯಿ ಬಿಡುತ್ತಾನೆ. ಅವನು ಆಸ್ತಿ ಕೇಳುವುದಿಲ್ಲ, ಗಂಟು ಹೂತಿಟ್ಟ ಮೂಲೆ ತೋರಿಸುವುದಿಲ್ಲ. ಹಿಂದೊಮ್ಮೆ ತಾಯಿ-ಮಗನಾಗಿದ್ದಾಗ ಹಿಟ್ಟಿನ ಒಂದು ಕೋಳಿಯನ್ನು ಬಲಿ ಕೊಟ್ಟ ತಪ್ಪಿಗೆ ನವಿಲು, ನಾಯಿ, ಹಾವು, ಮೀನು, ಮೊಸಳೆ, ಆಡು, ಕೋಳಿಯಾಗಿ ಹುಟ್ಟಿ ಹುಟ್ಟಿ ತಾವು ಪಟ್ಟ ಪಾಡನ್ನು ಹೇಳುತ್ತಾನೆ. ಕೇಳಿದ ರಾಜನ ಕೈ ಹಿಂದೆ ಸರಿಯುತ್ತದೆ. ಕನ್ನಡದ ಮಕ್ಕಳು ಹಿಂದಿನ ಜನ್ಮವನ್ನು ನೆನೆದದ್ದು ಕತ್ತಿ ಕೆಳಗಿಳಿಸಲಿಕ್ಕೆ. ಈಗ ಅಂಥ ನೆನಪು ಯಾರಿಗೆ ಬೇಕು? ಮಗು “ನಾನು ಹೋದ ಜನ್ಮದಲ್ಲಿ ನಾಟಿಕೋಳಿ” ಎಂದರೆ, ಭಾನುವಾರ ಮಧ್ಯಾಹ್ನ ಮನೆಯವರು ಬೇಗ ಮಾತು ಬದಲಾಯಿಸುತ್ತಾರೆ.

ಮಕ್ಕಳ ನೆನಪಿನಲ್ಲಿ ಇಷ್ಟೊಂದು ಆಸ್ತಿ, ಅಧಿಕಾರ ಅಡಗಿರುವಾಗ ಸರ್ಕಾರಗಳು ಸುಮ್ಮನಿರುವುದು ಹೇಗೆ? ದೇವರನ್ನೇ ಒಪ್ಪದ ಕಮ್ಯುನಿಸ್ಟ್ ಚೀನಾ ಇದನ್ನು ಮೊದಲು ಅರ್ಥ ಮಾಡಿಕೊಂಡಿತು. ಟಿಬೆಟ್ಟಿನ ಲಾಮಾಗಳು ಮತ್ತೆ ಹುಟ್ಟಬೇಕಾದರೆ ಸರ್ಕಾರದ ಅನುಮತಿ ಕಡ್ಡಾಯ ಎಂಬ ಅದರ 5ನೇ ಸಂಖ್ಯೆಯ ಆದೇಶ 2007ರ ಸೆಪ್ಟೆಂಬರ್ 1ರಿಂದ ಜಾರಿಯಲ್ಲಿದೆ. 2016ರ ಜನವರಿಯಲ್ಲಿ 870 ಮಂದಿ ಅಧಿಕೃತ ಅವತಾರಿಗಳ ಪಟ್ಟಿಯನ್ನು ಅಂತರ್ಜಾಲಕ್ಕೂ ಹಾಕಿತು, ನಕಲಿ ಅವತಾರಿಗಳಿಂದ ಭಕ್ತರು ಮೋಸಹೋಗಬಾರದೆಂಬ ಕಾಳಜಿಯಿಂದ. ಅನುಮತಿಯಿಲ್ಲದೆ ಮತ್ತೆ ಹುಟ್ಟಿದರೆ ಏನಾಗುತ್ತದೆ ಎಂಬುದಕ್ಕೆ ಉದಾಹರಣೆ ಮೊದಲೇ ಇತ್ತು. 1995ರ ಮೇ 14ರಂದು ದಲೈಲಾಮಾ ಆರು ವರ್ಷದ ಹುಡುಗನೊಬ್ಬನನ್ನು ಹೊಸ ಪಂಚೆನ್ ಲಾಮಾ ಎಂದು ಘೋಷಿಸಿದರು. ಮೂರು ದಿನಕ್ಕೆ ಚೀನಾದವರು ಅವನನ್ನು ಕರೆದೊಯ್ದರು. ಅಂದಿನಿಂದ ಅವನನ್ನು ಸಾರ್ವಜನಿಕವಾಗಿ ಕಂಡವರಿಲ್ಲ. ಆ ಸ್ಥಾನಕ್ಕೆ ಸರ್ಕಾರವೇ ಬೇರೊಬ್ಬ ಹುಡುಗನನ್ನು ಕೂರಿಸಿತು. ಪಂಚೆನ್ ಲಾಮಾಗಳ ಪೀಠವಾದ ತಾಶಿ ಲುಂಪೋ ಮಠ ಮರುಹುಟ್ಟು ಪಡೆದಿರುವುದು ನಮ್ಮ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ. ಕಟ್ಟಡ ಮತ್ತೆ ಹುಟ್ಟಿದೆ, ಕೂರಬೇಕಾದವನು ಕಾಣೆ.

2025ರ ಜುಲೈನಲ್ಲಿ 90ನೇ ಹುಟ್ಟುಹಬ್ಬದ ಹೊತ್ತಿಗೆ ದಲೈಲಾಮಾ, ತಮ್ಮ ನಂತರವೂ ಪರಂಪರೆ ಮುಂದುವರಿಯುತ್ತದೆ, ಹುಡುಕುವ ಹಕ್ಕು ತಮ್ಮ ಟ್ರಸ್ಟಿನದು ಎಂದರು. ಸಾಧ್ಯವಿಲ್ಲ, ಹಕ್ಕು ನಮ್ಮದು ಎಂದು ಬೀಜಿಂಗ್ ಹೇಳಿತು. ಇನ್ನೂ ಸಾಯದವರ ಮುಂದಿನ ಜನ್ಮದ ಮೇಲೆ ಎರಡು ಕಡೆಯ ಅರ್ಜಿ ಬಿದ್ದಿದೆ. ಎಲ್ಲೋ ಒಂದು ಮನೆಯಲ್ಲಿ ಮುಂದೆ ಹುಟ್ಟಲಿರುವ ಕೂಸನ್ನು ಮಾತ್ರ ಈ ವ್ಯಾಜ್ಯದಲ್ಲಿ ಯಾರೂ ಪಾರ್ಟಿ ಮಾಡಿಕೊಂಡಿಲ್ಲ. ಬೈಲಕುಪ್ಪೆಯ ಸೆರಾ ಮಠದಲ್ಲೇ ಓದಿದ ಸ್ಪೇನಿನ ಹುಡುಗನೊಬ್ಬನಿದ್ದ. ಎಳವೆಯಲ್ಲೇ ದೊಡ್ಡ ಲಾಮಾ ಒಬ್ಬರ ಮರುಹುಟ್ಟು ಎಂದು ಅವನನ್ನು ಪೀಠಕ್ಕೇರಿಸಿದ್ದರು. ಹರೆಯಕ್ಕೆ ಬಂದವನೇ ಕಾವಿ ಬಿಚ್ಚಿಟ್ಟು ಊರಿಗೆ ಹೋಗಿ ಸಿನಿಮಾ ಕಲಿಯತೊಡಗಿದ. ಹಿಂದಿನ ಜನ್ಮಕ್ಕೆ ರಾಜೀನಾಮೆ ಕೊಟ್ಟು ಈ ಜನ್ಮಕ್ಕೆ ಸೇರಿಕೊಂಡ ಅಪರೂಪದ ನೌಕರ ಅವನು.

ಈಗ ಮತ್ತೆ ಉತ್ತರಪ್ರದೇಶಕ್ಕೆ ಬನ್ನಿ. ಪೂರ್ವಜನ್ಮದಲ್ಲಿ ದೇಶಕ್ಕೇ ಮಾದರಿಯಾದ ಅದೇ ರಾಜ್ಯದ ಆಜಂಗಢ ಜಿಲ್ಲೆಯಲ್ಲಿ ಲಾಲ್ ಬಿಹಾರಿ ಎಂಬ ರೈತ 1970ರ ದಶಕದಲ್ಲಿ ಸಾಲಕ್ಕೆಂದು ದಾಖಲೆ ಕೇಳಲು ಹೋದರೆ, ನೀನು ಸತ್ತಿದ್ದೀಯ ಎಂದರು ಕಂದಾಯ ಇಲಾಖೆಯವರು. ಜಮೀನಿನ ಆಸೆಗೆ ಸಂಬಂಧಿಕರು ಲಂಚ ಕೊಟ್ಟು ಅವನನ್ನು ಕಾಗದದಲ್ಲಿ ಸಾಯಿಸಿ, ಪೌತಿ ಖಾತೆಯಂಥದ್ದೇನನ್ನೋ ಮಾಡಿಸಿಕೊಂಡಿದ್ದರು. ಬದುಕಿದ್ದೇನೆ ಎಂದು ತೋರಿಸಲು ಅವನು ಮಾಡದ ಕಸರತ್ತಿಲ್ಲ. ತನ್ನ ತಿಥಿಯನ್ನು ತಾನೇ ಮಾಡಿದ, ಹೆಂಡತಿಗೆ ವಿಧವಾ ವೇತನ ಕೊಡಿ ಎಂದು ಅರ್ಜಿ ಹಾಕಿದ, ಹೆಸರಿನ ಮುಂದೆ ‘ಮೃತಕ್’ ಎಂದು ಸೇರಿಸಿಕೊಂಡ, 1989ರಲ್ಲಿ ಅಮೇಠಿಯಲ್ಲಿ ರಾಜೀವ್ ಗಾಂಧಿಯ ಎದುರು ಚುನಾವಣೆಗೂ ನಿಂತ. ಸತ್ತವರ ಸಂಘವನ್ನೇ ಕಟ್ಟಿದ. ಸರ್ಕಾರ ಅವನನ್ನು ಮತ್ತೆ ಬದುಕಿಸಿದ್ದು 1994ರಲ್ಲಿ.

ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ. ಸತ್ತ ಬಟ್ಟೆ ವ್ಯಾಪಾರಿಯೋ ಜಮೀನ್ದಾರನೋ ತಾನೇ ಎಂದು ಮೂರು ವರ್ಷದ ಮಗು ತೊದಲಿದರೆ ಊರಿಗೆ ಊರೇ ನಂಬುತ್ತದೆ, ಆರತಿ ಎತ್ತುತ್ತದೆ, ವಿದೇಶದಿಂದ ಪ್ರೊಫೆಸರು ಬರುತ್ತಾರೆ. ಐದಡಿ ಎತ್ತರದ ಮನುಷ್ಯ ಎದುರಿಗೇ ನಿಂತು ಬದುಕಿದ್ದೇನೆ ಸ್ವಾಮಿ ಎಂದು ಗಂಟಲು ಹರಿದುಕೊಂಡರೆ, ದಾಖಲೆ ತಾ ಎನ್ನುತ್ತಾರೆ. ಹಿಂದಿನ ಜನ್ಮಕ್ಕೆ ಸಾಕ್ಷಿ ಬೇಡ, ಈ ಜನ್ಮಕ್ಕೆ ಹದಿನೆಂಟು ವರ್ಷ. ನಮ್ಮಲ್ಲೂ ಪಿಂಚಣಿದಾರರು ನವೆಂಬರ್ ಬಂತೆಂದರೆ ಸವೆದ ಬೆರಳುಗಳನ್ನು ಯಂತ್ರಕ್ಕೆ ಒತ್ತಿ ಒತ್ತಿ ತಾವಿನ್ನೂ ಇದ್ದೇವೆ ಎಂದು ಬ್ಯಾಂಕಿಗೆ ನಂಬಿಸಬೇಕು. ಹಿಂದಿನ ಜನ್ಮದ ಹೆಸರಿನಲ್ಲಿ ಹೋಗಿದ್ದರೆ ಕುರ್ಚಿ ಹಾಕುತ್ತಿದ್ದರೋ ಏನೋ.

ಕಾರಣ ಸರಳ. ಹಿಂದಿನ ಜನ್ಮ ಯಾರಿಗೂ ಖರ್ಚಿನ ಬಾಬತ್ತಲ್ಲ. ಅದಕ್ಕೆ ಬಜೆಟ್ಟಿನಲ್ಲಿ ಅನುದಾನ ಇಡಬೇಕಾಗಿಲ್ಲ, ಬದಲಿಗೆ ಅದೇ ಸರ್ಕಾರದ ಖರ್ಚನ್ನು ತಗ್ಗಿಸುತ್ತದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತು ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 35.4 ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ ಎಂದಿತು. ಮೂರು ಮಕ್ಕಳಲ್ಲಿ ಒಬ್ಬರಿಗಿಂತ ಹೆಚ್ಚು. ಪೂರ್ವಜನ್ಮ ನೆನಪಾಗುವ ವಯಸ್ಸೂ ಅದೇ. ಈ ಮಕ್ಕಳು ಬೆಳೆಯದಿರುವುದಕ್ಕೆ ತಾಯಿಯ ರಕ್ತಹೀನತೆ, ಸಾಲದ ಊಟ, ಕೊಳಕು ನೀರು ಎಂದು ಕಾರಣ ಹೇಳಿದರೆ ಯಾರಾದರೂ ಸಚಿವರು ಉತ್ತರ ಕೊಡಬೇಕಾಗುತ್ತದೆ. ಅವರವರ ಪೂರ್ವಜನ್ಮದ ಕರ್ಮ ಎಂದುಬಿಟ್ಟರೆ ಫೈಲು ಅಲ್ಲಿಗೇ ಮುಕ್ತಾಯ. ಆ ಮಕ್ಕಳನ್ನು ತೂಗುವ, ಅಳೆಯುವ, ಮೊಟ್ಟೆ ಲೆಕ್ಕ ಹಾಕುವ ಅಂಗನವಾಡಿ ಕಾರ್ಯಕರ್ತೆಯರು ಗೌರವಧನ ಹೆಚ್ಚಿಸಿ ಎಂದು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಬಿಸಿಲಿಗೆ ಕೂರುತ್ತಾರೆ. ಅವರೂ ಹೋದ ಜನ್ಮದಲ್ಲಿ ಏನು ಮಾಡಿದ್ದರೋ!

ಆದ್ದರಿಂದ ಪೂರ್ವಜನ್ಮದಲ್ಲಿ ನಮಗಾಗಿರುವ ಕೊರತೆಯ ಬಗ್ಗೆ ಹೋರಾಟ ಮಾಡುವುದಾದರೆ ಮಾಡಿ, ನಾನೂ ಬರುತ್ತೇನೆ. 1 ಲಕ್ಷ 22 ಸಾವಿರ ದಕ್ಕಬೇಕಾದ್ದು ದಕ್ಕಲೇಬೇಕು. ಒಂದು ಸಣ್ಣ ತಿದ್ದುಪಡಿ ಮಾತ್ರ ಇರಲಿ. ನಿಮ್ಮ ಮಗು ಊಟಕ್ಕೆ ಕೂತಾಗ ಯಾವುದೋ ಊರು, ಯಾವುದೋ ಹೆಸರು ಹೇಳಿದರೆ ಬಾಡಿಗೆ ಕಾರು ಹುಡುಕುವ ಮೊದಲು ತಟ್ಟೆಗೆ ಇನ್ನೊಂದು ಸೌಟು ಬೇಳೆ ಹಾಕಿ. ಆಮೇಲೆ ಬೇಕಿದ್ದರೆ ಹಿಂದಿನ ಜನ್ಮದ ಹೆಸರನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಈ ಜನ್ಮದ ಹೆಸರು ರೇಷನ್ ಕಾರ್ಡಿಗೆ ಸೇರುವಷ್ಟರಲ್ಲಿ ಆ ಮಗುವಿಗೆ ಎರಡೂ ಮರೆತುಹೋಗಿರುತ್ತದೆ.